ಲೋಷನ್, ಕ್ರೀಮ್, ವ್ಯಾಸಲೀನ್: ಉರಿಯುವ ಚರ್ಮಕ್ಕೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೆಟ್ರೋಲಿಯಂ ಜೆಲ್ಲಿಗೆ. ಎಲ್ಲರೂ ವ್ಯಾಸಲೀನ್ ಅಂತ ಕರೆಯುತ್ತೇವಲ್ಲ, ಅದೇ. ಪರಿಮಳ ಸೇರಿಸದ್ದು, ಬಣ್ಣ ಸೇರಿಸದ್ದು, ಡಬ್ಬಿಯ ಹಿಂದೆ ಏನೇನಿದೆ ಅಂತ ನೋಡಿದರೆ ಒಂದೇ ಹೆಸರು ಕಾಣುವಂಥದ್ದು.

ನನಗಿರುವುದು ಎಕ್ಸಿಮಾ, ಅಂದರೆ ಇಸಬು. ಮೊಣಕೈ ಒಳಮಡಿಕೆ, ಕತ್ತು, ಬೆರಳ ಸಂದಿಯಲ್ಲಿ ಬರುತ್ತದೆ. ಅಕ್ಕನಿಗೆ ಸೋರಿಯಾಸಿಸ್, ಅಂದರೆ ಚರ್ಮದ ಮೇಲೆ ಮಚ್ಚೆ ಎದ್ದು ಹೊಟ್ಟು ಪೇರಿಕೊಳ್ಳುವ ಕಾಯಿಲೆ. ಅವಳಿಗೆ ಮೊಣಕೈಯ ಹೊರಬದಿ, ಮಂಡಿ, ನೆತ್ತಿ. ಇಬ್ಬರೂ ಸೇರಿ ಲೋಷನ್, ಜೆಲ್, ಕ್ರೀಮ್, ಸೆರಮೈಡ್ ಇರುವ ಕ್ರೀಮ್, ಯೂರಿಯಾ ಕ್ರೀಮ್, ಕೊನೆಗೆ ಜೆಲ್ಲಿ, ಎಲ್ಲವನ್ನೂ ಹಚ್ಚಿ ನೋಡಿದ್ದೇವೆ. ಇಲ್ಲಿ ಮಾತಾಡುತ್ತಿರುವುದು ದಿನಾ ಹಚ್ಚಿಕೊಳ್ಳುವ ಮಾಯಿಶ್ಚರೈಸರ್ ಬಗ್ಗೆ ಮಾತ್ರ. ಚರ್ಮ ಕೆಂಪಾಗಿ ಕೆರಳಿದಾಗ ಡಾಕ್ಟರ್ ಬರೆದುಕೊಡುವ ಮುಲಾಮಿನ ಕೆಲಸವನ್ನು ಇದ್ಯಾವುದೂ ಮಾಡುವುದಿಲ್ಲ. ಇದನ್ನು ಹಚ್ಚುತ್ತಿದ್ದೇನೆ ಅಂತ ಅದನ್ನು ನಿಲ್ಲಿಸಬೇಡಿ.

ನಾನು ಜೆಲ್ಲಿಗೆ ಬಂದು ನಿಂತದ್ದು ಒಂದು ದುಬಾರಿ ಕ್ರೀಮಿನ ದೆಸೆಯಿಂದ. ಡಬ್ಬಿಯ ಮೇಲೆ 'ಸೂಕ್ಷ್ಮ ಚರ್ಮಕ್ಕಾಗಿ' ಅಂತ ದೊಡ್ಡದಾಗಿ ಬರೆದಿತ್ತು. ಕೈಗೆ ನುಣ್ಣಗೆ, ವಾಸನೆಯೂ ಅಷ್ಟೇನಿಲ್ಲ. ಕತ್ತಿಗೆ ಹಚ್ಚಿ ಇನ್ನೂ ಮುಚ್ಚಳ ಹಾಕಿರಲಿಲ್ಲ, ಆಗಲೇ ಉರಿ ಶುರು. ತೊಳೆದೆ, ಸ್ವಲ್ಪ ಹೊತ್ತಿಗೆ ಇಳಿಯಿತು. ಚರ್ಮ ಒಡೆದಿದೆ, ಅದಕ್ಕೇ ಹೀಗೆ ಅಂತ ಮರುದಿನ ಚೆನ್ನಾಗಿದ್ದ ಜಾಗಕ್ಕೆ, ಮುಂಗೈಗೆ ಹಚ್ಚಿದೆ. ಅಲ್ಲಿ ಉರಿಯಲಿಲ್ಲ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಕತ್ತು, ಮುಂಗೈ ಎರಡೂ ಕಡೆ ಕೆಂಪು ದದ್ದು ಎದ್ದು, ವಿಪರೀತ ತುರಿಕೆ.

ಇಲ್ಲಿ ನಡೆದದ್ದು ಒಂದಲ್ಲ, ಎರಡು ಬೇರೆ ಬೇರೆ ಸಂಗತಿ. ಇದನ್ನು ಬಿಡಿಸಿ ಹೇಳಿದ್ದು ನನ್ನ ಚರ್ಮದ ಡಾಕ್ಟರ್. ಹಚ್ಚಿದ ಕೂಡಲೇ ಉರಿದರೆ ಸಾಮಾನ್ಯವಾಗಿ ಅದು ಕೆರಳಿಕೆ. ಚರ್ಮದ ಮೇಲ್ಪದರ ಸೋರುತ್ತಿರುತ್ತದೆ, ಹಚ್ಚಿದ್ದೆಲ್ಲ ಒಳಗಿಳಿದು ನರದ ತುದಿ ಮುಟ್ಟುತ್ತದೆ. ತೊಳೆದರೆ ಕಡಿಮೆಯಾಗುತ್ತದೆ. ಒಂದೆರಡು ದಿನ ಬಿಟ್ಟು ದದ್ದು ಏಳುವುದು ಅಲರ್ಜಿಯ ಲಕ್ಷಣ. ಅದು ಒಡೆದ ಚರ್ಮ, ಒಳ್ಳೆಯ ಚರ್ಮ ಅಂತ ನೋಡುವುದಿಲ್ಲ. ಒಮ್ಮೆ ಬಂದ ಅಲರ್ಜಿ ಸುಲಭಕ್ಕೆ ಬಿಟ್ಟು ಹೋಗುವುದೂ ಇಲ್ಲ. ಆ ವಸ್ತು ಮತ್ತೆ ತಾಗಿದರೆ ಮತ್ತೆ ಅದೇ ಪಾಡು.

ಪ್ಯಾಚ್ ಟೆಸ್ಟ್ ಆಯಿತು. ಬೆನ್ನಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಿಲ್ಲೆ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ವಸ್ತು. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ತಡವಾಗಿ ಏಳುವವು ಇರುತ್ತವಲ್ಲ, ಅದಕ್ಕೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನಿಗೆ ನೀರು ತಾಗಬಾರದು. ನನಗೆ ಎದ್ದದ್ದು ಪರಿಮಳ ದ್ರವ್ಯಗಳ ಬಿಲ್ಲೆ. ಆ ಕ್ರೀಮಿನ ಮೇಲೆ 'ಅನ್‌ಸೆಂಟೆಡ್' ಅಂತಲೂ ಬರೆದಿತ್ತು, ಹಾಗಾದರೆ ಪರಿಮಳ ಎಲ್ಲಿಂದ ಬಂತು? ಅನ್‌ಸೆಂಟೆಡ್ ಅಂದರೆ ಮೂಗಿಗೆ ವಾಸನೆ ಬರುವುದಿಲ್ಲ ಅಂತಷ್ಟೇ. ಬೇರೆ ಸಾಮಗ್ರಿಯ ಕಮಟು ಮುಚ್ಚಲು ಪರಿಮಳ ದ್ರವ್ಯ ಹಾಕಿದ್ದರೂ ಆ ಮಾತು ಬರೆಯಬಹುದು. ನಮ್ಮಂಥವರು ಹುಡುಕಬೇಕಾದದ್ದು 'ಫ್ರಾಗ್ರೆನ್ಸ್ ಫ್ರೀ' ಅನ್ನುವ ಮಾತು. ಅದಿದ್ದರೂ ಹಿಂದಿನ ಪಟ್ಟಿ ಓದಲೇಬೇಕು.

ಪರಿಮಳ ಒಂದೇ ಆಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಅದರ ಹಿಂದೆ ಪ್ರಿಸರ್ವೇಟಿವ್‌ಗಳ ಕಾಟ ಇದೆ. ಲೋಷನ್, ಕ್ರೀಮ್, ಜೆಲ್ ಈ ಮೂರರಲ್ಲೂ ನೀರಿರುತ್ತದೆ. ನೀರಿದ್ದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅದನ್ನು ತಡೆಯಲು ಏನಾದರೂ ಹಾಕಲೇಬೇಕು. ಹಾಗೆ ಹಾಕುತ್ತಿದ್ದ ಮೀಥೈಲ್‌ಐಸೋಥಯಝೋಲಿನೋನ್ ಎಂಬ ಪ್ರಿಸರ್ವೇಟಿವ್‌ನಿಂದ ಎಷ್ಟು ಜನಕ್ಕೆ ಅಲರ್ಜಿ ಬಂತೆಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು 'ವರ್ಷದ ಅಲರ್ಜಿಕಾರಕ' ಎಂದು ಸಾರಿತು. 2017ರಲ್ಲಿ ಯುರೋಪಿಯನ್ ಒಕ್ಕೂಟ, ಹಚ್ಚಿ ಹಾಗೇ ಬಿಡುವ ಪ್ರಸಾಧನಗಳಲ್ಲಿ ಅದನ್ನು ಬಳಸಲೇಬಾರದು ಅಂದಿತು. ಜೆಲ್ಲಿಯಲ್ಲಿ ನೀರೇ ಇಲ್ಲ. ನೀರಿಲ್ಲದ ಮೇಲೆ ಪ್ರಿಸರ್ವೇಟಿವ್ ಬೇಕಾಗಿಲ್ಲ. ನನ್ನ ಮಟ್ಟಿಗೆ ಹೋಲಿಕೆ ಇಲ್ಲೇ ಮುಗಿಯುತ್ತದೆ.

ಆದರೆ ಇದು ನನ್ನೊಬ್ಬನ ಚರ್ಮದ ಮಾತು. ದೊಡ್ಡ ಸಂಖ್ಯೆಯಲ್ಲಿ ನೋಡಿದವರು ಏನು ಹೇಳುತ್ತಾರೆ? ಇದಕ್ಕೆ ಅಚ್ಚುಕಟ್ಟಾದ ಪ್ರಯೋಗ ಒಂದಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಇಂಗ್ಲೆಂಡಿನಲ್ಲಿ ಎಕ್ಸಿಮಾ ಇರುವ 550 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿತು. ಆರು ತಿಂಗಳ ಕೂಸಿನಿಂದ 12 ವರ್ಷದವರೆಗಿನ ಮಕ್ಕಳು. ಒಂದು ಗುಂಪಿಗೆ ಲೋಷನ್, ಒಂದಕ್ಕೆ ಕ್ರೀಮ್, ಒಂದಕ್ಕೆ ಜೆಲ್, ಇನ್ನೊಂದಕ್ಕೆ ಆಯಿಂಟ್‌ಮೆಂಟ್, ಅಂದರೆ ಜೆಲ್ಲಿಯ ಜಾತಿಯ ಜಿಡ್ಡು ಮುಲಾಮು. ಫಲಿತಾಂಶ 2022ರಲ್ಲಿ ಬಂತು. 16 ವಾರಗಳಲ್ಲಿ ಎಕ್ಸಿಮಾ ಹತೋಟಿಗೆ ಬರುವುದರಲ್ಲಿ ನಾಲ್ಕಕ್ಕೂ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ.

ಜಿಡ್ಡು ಜಾಸ್ತಿ ಇದ್ದಷ್ಟೂ ಗುಣ ಜಾಸ್ತಿ ಅಂತ ನಂಬಿದವರಿಗೆ ಇದು ನಿರಾಸೆಯ ಸುದ್ದಿ. ನನಗೆ ಮುಖ್ಯ ಅನಿಸಿದ್ದು ಅದೇ ವರದಿಯ ಇನ್ನೊಂದು ಅಂಕಿ. ಹಚ್ಚಿದಾಗ ಉರಿಯುತ್ತದೆ ಅಂದವರು ಲೋಷನ್ ಗುಂಪಿನಲ್ಲಿ 20%, ಜೆಲ್‌ನಲ್ಲಿ 19%, ಕ್ರೀಮಿನಲ್ಲಿ 17%. ಆಯಿಂಟ್‌ಮೆಂಟ್‌ನಲ್ಲಿ ಬರೀ 9%. ಗುಣ ಎಲ್ಲದರಲ್ಲೂ ಒಂದೇ ಅಂದಮೇಲೆ ಉರಿ ಅರ್ಧಕ್ಕರ್ಧ ಕಡಿಮೆ ಇರುವುದನ್ನು ನಾನು ಯಾಕೆ ಬಿಡಲಿ? ಇನ್ನೊಂದು ಮಾತನ್ನೂ ಹೇಳಬೇಕು. ಒಟ್ಟಾರೆ ಹೆಚ್ಚು ತೃಪ್ತಿ ಕಂಡುಬಂದದ್ದು ಲೋಷನ್ ಮತ್ತು ಜೆಲ್ ಗುಂಪುಗಳಲ್ಲಿ. ಜಿಡ್ಡು ಎಲ್ಲರಿಗೂ ಒಗ್ಗುವುದಿಲ್ಲ, ಅದು ನಿಜ.

ಈಗ ಒಂದೊಂದಾಗಿ.

ಲೋಷನ್ ಬೇಗ ಹರಡುತ್ತದೆ, ಬೇಗ ಒಣಗುತ್ತದೆ. ಕೂದಲಿರುವ ಎದೆ, ಕಾಲಿಗೆ ಒಳ್ಳೆಯದು. ಒಡೆದ ಬೆರಳಿಗೆ ಸಾಲದು. ಜೆಲ್ ತಂಪು ಅನಿಸುತ್ತದೆ, ಅದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನಿಲ್ಲ.

ಸೆರಮೈಡ್ ಕ್ರೀಮಿಗೆ ಒಂದು ಒಳ್ಳೆಯ ತರ್ಕ ಇದೆ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಸೆರಮೈಡ್ ದೊಡ್ಡ ಪಾಲು. ಎಕ್ಸಿಮಾದವರಲ್ಲಿ ಅದು ಕಡಿಮೆ. ಇಟ್ಟಿಗೆಯಲ್ಲೂ ದೋಷ ಇರಬಹುದು. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಎಕ್ಸಿಮಾ ಬರುವ ಸಂಭವ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ 2006ರಲ್ಲಿ ತೋರಿಸಿತು. ಕಡಿಮೆ ಇರುವ ಸೆರಮೈಡನ್ನು ಹೊರಗಿನಿಂದ ಕೊಟ್ಟರೆ ಸರಿಹೋಗಬೇಕಲ್ಲ? ಕೇಳಲು ಚೆನ್ನಾಗಿದೆ. ಆದರೆ 2011ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, 39 ಮಕ್ಕಳ ಮೇಲೆ ಸೆರಮೈಡ್ ಕ್ರೀಮ್, ಇನ್ನೊಂದು ದುಬಾರಿ ಕ್ರೀಮ್ ಮತ್ತು ಪೆಟ್ರೋಲಿಯಂ ಆಧಾರದ ಸಾದಾ ಮುಲಾಮನ್ನು ಹೋಲಿಸಿದಾಗ ಮೂರೂ ಒಂದೇ ಸಮ ಕೆಲಸ ಮಾಡಿದವು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ನನ್ನ ಕೈಯ ಅನುಭವವೂ ಅದೇ. ಸೆರಮೈಡ್ ಕ್ರೀಮ್ ಕೆಟ್ಟದ್ದೇನಲ್ಲ, ಪರಿಮಳ ಇಲ್ಲದ್ದು ಸಿಕ್ಕರೆ ಹಗಲಿಗೆ ಹಿತ. ಆ ಬೆಲೆಗೆ ತಕ್ಕ ಹೆಚ್ಚಿನ ಗುಣ ಮಾತ್ರ ನನಗೆ ಕಾಣಲಿಲ್ಲ.

ಯೂರಿಯಾ ಕ್ರೀಮ್ ಅಕ್ಕನ ಪಕ್ಷ. ಯೂರಿಯಾ ನಮ್ಮ ಚರ್ಮದಲ್ಲೇ ಇರುವ ವಸ್ತು, ಪಸೆ ಹಿಡಿದಿಡುತ್ತದೆ. ಸುಮಾರು 10% ತನಕ ಚರ್ಮವನ್ನು ಮೆದು ಮಾಡುತ್ತದೆ, 20% ದಾಟಿದರೆ ಗಟ್ಟಿ ಪದರವನ್ನೇ ಸಡಿಲಿಸುತ್ತದೆ. ಸೋರಿಯಾಸಿಸ್‌ನಲ್ಲಿ ಬೇಕಾದದ್ದು ಇದೇ. ಮಾಮೂಲಿ ಚರ್ಮದಲ್ಲಿ ತಳದ ಕೋಶ ಮೇಲೆ ಬಂದು ಉದುರಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿದರೆ, ಸೋರಿಯಾಸಿಸ್ ಮಚ್ಚೆಯಲ್ಲಿ ಕೆಲವೇ ದಿನಗಳಲ್ಲಿ ಮೇಲೆ ಬಂದು ಬೆಳ್ಳಿ ಬಣ್ಣದ ಹೊಟ್ಟಾಗಿ ಪೇರಿಕೊಳ್ಳುತ್ತದೆ. ಆ ಹೊಟ್ಟು ಕಳಚದಿದ್ದರೆ ಮೇಲೆ ಹಚ್ಚಿದ ಔಷಧ ಒಳಗೆ ಹೋಗುವುದೇ ಕಷ್ಟ. ಅಕ್ಕ ಯೂರಿಯಾ ಹಚ್ಚಿಕೊಂಡರೆ ಮೊಣಕೈ ಎದ್ದು ಕಾಣುವಷ್ಟು ನುಣುಪಾಗುತ್ತದೆ. ಅದನ್ನೇ ನಾನು ಒಡೆದ ಬೆರಳಿಗೆ ಹಚ್ಚಿದರೆ ಕಣ್ಣಲ್ಲಿ ನೀರು. ಬಿರುಕು ಬಿಟ್ಟ ಎಕ್ಸಿಮಾಕ್ಕೆ ಇದು ಬೇಡ.

ಸೋರಿಯಾಸಿಸ್ ಇರುವವರಿಗೆ ಇನ್ನೆರಡು ಮಾತು. ಹೊಟ್ಟು ತೆಗೆಯಲು ಸ್ಯಾಲಿಸಿಲಿಕ್ ಆಸಿಡ್ ಇರುವ ಮುಲಾಮು ಬಳಸುತ್ತಿದ್ದರೆ ಅದನ್ನು ಕ್ಯಾಲ್ಸಿಪೊಟ್ರಿಯಾಲ್ ಎಂಬ ಸೋರಿಯಾಸಿಸ್ ಔಷಧದ ಜೊತೆ ಸೇರಿಸಿ ಹಚ್ಚಬಾರದು. ಆಸಿಡ್ ಆ ಔಷಧವನ್ನು ನಿಷ್ಪ್ರಯೋಜಕ ಮಾಡುತ್ತದೆ. ಯುವಿಬಿ ಎಂಬ ಅತಿನೇರಳೆ ಬೆಳಕಿನ ಚಿಕಿತ್ಸೆಗೆ ಹೋಗುವ ಮೊದಲೂ ಸ್ಯಾಲಿಸಿಲಿಕ್ ಬೇಡ, ಬೆಳಕನ್ನು ತಡೆಯುತ್ತದೆ. ಹೊಟ್ಟನ್ನು ಉಗುರಿನಿಂದ ಕೀಳುವುದಂತೂ ಬೇಡವೇ ಬೇಡ. ಗಾಯವಾದ ಕಡೆ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ. 19ನೇ ಶತಮಾನದಲ್ಲೇ ಹೈನ್‌ರಿಕ್ ಕೋಬ್ನರ್ ಎಂಬ ಜರ್ಮನ್ ವೈದ್ಯರು ಇದನ್ನು ಗುರುತಿಸಿದ್ದರು.

ಇನ್ನು ಜೆಲ್ಲಿ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಇದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ. ತೈಲ ಬಾವಿಯ ಯಂತ್ರಗಳಿಗೆ ಅಂಟಿಕೊಳ್ಳುತ್ತಿದ್ದ ಮೇಣದಂಥ ಪದಾರ್ಥವನ್ನು ಶುದ್ಧ ಮಾಡಿ ತೆಗೆದದ್ದು. ಇಷ್ಟು ಹಳೆಯದಾದರೂ ಚರ್ಮದಿಂದ ನೀರು ಆರಿ ಹೋಗದ ಹಾಗೆ ತಡೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಸುಮ್ನೆ ಮೇಲೆ ಕೂತು ಮುಚ್ಚುತ್ತದೆ ಅಂತಲೇ ಬಹುಕಾಲ ಅಂದುಕೊಂಡಿದ್ದರು. 2016ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಜೆಲ್ಲಿ ಹಚ್ಚಿದ ಚರ್ಮದ ಚೂರು ತೆಗೆದು ನೋಡಿದರು. ಮೇಲೆ ಹೇಳಿದ ಫಿಲಾಗ್ರಿನ್ ಹೆಚ್ಚಿತ್ತು, ರೋಗಾಣುಗಳನ್ನು ಕೊಲ್ಲುವ ಚರ್ಮದ ಸ್ವಂತ ಪ್ರೋಟೀನುಗಳೂ ಹೆಚ್ಚಿದ್ದವು. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಅಂಟು, ಜಿಡ್ಡು. ಫೋನಿನ ಮೇಲೆ, ಪುಸ್ತಕದ ಹಾಳೆಯ ಮೇಲೆ ಬೆರಳಚ್ಚು. ಅದಕ್ಕೆ ನಾನು ಹಗಲು ಇದನ್ನು ಹಚ್ಚುವುದಿಲ್ಲ. ಸ್ನಾನ ಮಾಡಿ, ಟವಲಿನಿಂದ ಒತ್ತಿ, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ತೆಳ್ಳಗೆ ಹಚ್ಚಿದರೆ ಅಂಟು ಅರ್ಧ ಕಡಿಮೆ. ಉಜ್ಜಬಾರದು, ರೋಮ ಇಳಿಯುವ ದಿಕ್ಕಿಗೆ ಸವರಬೇಕು. ಎದುರು ದಿಕ್ಕಿಗೆ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತವೆ. ಡಬ್ಬಿಗೆ ಬೆರಳು ಹಾಕುವ ಬದಲು ಶುಭ್ರವಾದ ಚಮಚ ಬಳಸಿ. ಬಿಳಿ ಜೆಲ್ಲಿ ಬೇರೆ, ಲ್ಯಾನೊಲಿನ್ ಸೇರಿಸಿದ ಮುಲಾಮು ಬೇರೆ. ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್ ಕೆಲವರಿಗೆ ಅಲರ್ಜಿ.

ಬೆಂಕಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಲಾಮು, ಕ್ರೀಮ್ ಇಂಗಿದ ಬಟ್ಟೆ, ಹಾಸಿಗೆ ಬೇಗ ಹೊತ್ತಿಕೊಳ್ಳುತ್ತವೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಎಚ್ಚರಿಕೆಯನ್ನು ಪ್ಯಾರಾಫಿನ್ (ಜೆಲ್ಲಿಯೂ ಇದೇ ಜಾತಿ) ಇಲ್ಲದವುಗಳಿಗೂ ವಿಸ್ತರಿಸಿತು. ಒಲೆ, ದೀಪ, ಸಿಗರೇಟು ದೂರ ಇರಲಿ.

ಸ್ನಾನದ ನೀರಿಗೆ ಹಾಕುವ ಎಣ್ಣೆಗೆ ದುಡ್ಡು ಸುರಿಯಬೇಡಿ. ಮಕ್ಕಳ ಎಕ್ಸಿಮಾಕ್ಕೆ ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು 2018ರ ಬ್ರಿಟನ್ ಪ್ರಯೋಗವೊಂದು ತೋರಿಸಿದೆ.

ದುಡ್ಡಿನ ಮಾತು ಬಂತು, ಅದನ್ನೂ ಹೇಳುತ್ತೇನೆ. ಎಕ್ಸಿಮಾ ಇರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗಬಹುದು ಅನ್ನುತ್ತದೆ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ. ತಿಂಗಳಿಗಲ್ಲ, ವಾರಕ್ಕೆ. ಅಂಗೈಯಷ್ಟುದ್ದದ ದುಬಾರಿ ಟ್ಯೂಬ್ ಕೈಯಲ್ಲಿದ್ದರೆ ಯಾರು ತಾನೇ ಧಾರಾಳವಾಗಿ ಹಚ್ಚಿಯಾರು? ಬಟಾಣಿ ಕಾಳಿನಷ್ಟು ತೆಗೆದು ಇಡೀ ತೋಳಿಗೆ ಎಳೆಯುತ್ತೇವೆ. ಅಗ್ಗದ್ದು ಇದ್ದಾಗ ಮಾತ್ರ ಕೈ ತಡೆಯುವುದಿಲ್ಲ.

ನನ್ನದು ಮನೆಯೊಳಗೆ ಕೂತು ಮಾಡುವ ಕೆಲಸ, ರಾತ್ರಿ ಹಳೆಯ ಹತ್ತಿ ಬಟ್ಟೆ ಹಾಕಿಕೊಂಡು ಮಲಗುವ ಅಭ್ಯಾಸ. ಹಾಗಾಗಿ ರಾತ್ರಿ ಮೈಗೆಲ್ಲ ಜೆಲ್ಲಿ, ಹಗಲು ಕೈ ತೊಳೆದಾಗಲೆಲ್ಲ ಪರಿಮಳವಿಲ್ಲದ ಸಾದಾ ಕ್ರೀಮ್ ಒಂದಿಷ್ಟು. ಅಕ್ಕ ದಿನವಿಡೀ ಓಡಾಡುವವಳು, ಬೆವರು ಜಾಸ್ತಿ, ಅವಳಿಗೆ ಜೆಲ್ಲಿ ಅಂದರೆ ಆಗುವುದಿಲ್ಲ. ಮೊಣಕೈ, ಮಂಡಿಗೆ ಯೂರಿಯಾ, ಮಿಕ್ಕ ಮೈಗೆ ಲೋಷನ್. ಅವಳ ಆಯ್ಕೆ ಅವಳಿಗೆ ಸರಿಯಾಗಿದೆ.

ನೀವು ಯಾವುದನ್ನೇ ಹೊಸದಾಗಿ ತಂದರೂ ಮೊದಲ ದಿನವೇ ಮೈಗೆಲ್ಲ ಹಚ್ಚಬೇಡಿ. ಮೊಣಕೈ ಒಳಮಡಿಕೆಯ ಹತ್ತಿರ, ಚೆನ್ನಾಗಿರುವ ಚರ್ಮದ ಮೇಲೆ, ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದರೆ ಮುಂದುವರಿಸಿ. ಇಸಬು ಇದ್ದ ಜಾಗ ಒಸರಿ ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಮಾಯಿಶ್ಚರೈಸರ್ ಬದಲಿಸುತ್ತಾ ಕೂರಬೇಡಿ, ಅದು ಸೋಂಕಿರಬಹುದು. ಅವತ್ತೇ ಡಾಕ್ಟರ್ ಹತ್ತಿರ ಹೋಗಿ.