ಮಲ್ಗಾ ಕಾಡೋ, ಮ್ಯಾಲಿ ಕುರುಚಲೋ?

ಮೆಲ್ಬರ್ನ್‌ನಲ್ಲಿರುವವರಿಗೆ ನಾಲ್ಕು ದಿನ ಬಿಡುವಿದ್ದು, ಆಸ್ಟ್ರೇಲಿಯಾದ ಕುರುಚಲು ಕಾಡು ನೋಡುವ ಮನಸ್ಸಿದ್ದರೆ ದಾರಿ ಎರಡು. ವಿಮಾನ ಹತ್ತಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋದರೆ ಮಲ್ಗಾ. ಕಾರಿನಲ್ಲಿ ಮಿಲ್ಡುರಾ ಕಡೆ ಹೊರಟರೆ ಮ್ಯಾಲಿ.

ಮಲ್ಗಾ ನಮ್ಮ ಮಲೆನಾಡಿನ ನೆಡುತೋಪುಗಳಲ್ಲಿರುವ ಅಕೇಶಿಯಾದ ದಾಯಾದಿ, ಗುಣ ಮಾತ್ರ ಬೇರೆ. ಎಲೆಯಂತೆ ಕಾಣುವುದು ನಿಜಕ್ಕೂ ಎಲೆಯ ತೊಟ್ಟು. ಅವು ಆಕಾಶಕ್ಕೆ ಮುಖಮಾಡಿ ನಿಂತು, ಬಿದ್ದ ಮಳೆಹನಿಯನ್ನು ಕೊಂಬೆ, ಕಾಂಡಗಳ ಮೇಲೆ ಹರಿಸಿ ಬುಡಕ್ಕೇ ಇಳಿಸುತ್ತವೆ. ತನ್ನ ಬೇರಿಗೆ ತಾನೇ ನೀರುಣಿಸಿಕೊಳ್ಳುವ ಮರ! ಕೆಂಪು ಮಣ್ಣಿನ ಮೇಲೆ ಅದರ ಬೂದುಹಸಿರು ಕಣ್ಣಿಗೆ ಹಬ್ಬ.

ಮ್ಯಾಲಿ ಎಂದರೆ ನೆಲದಡಿಯ ಗಡ್ಡೆಯಿಂದ ಹಲವು ಕಾಂಡ ಚಿಗುರಿಸುವ ಕುಳ್ಳ ನೀಲಗಿರಿ. ಬೆಂಕಿಗೆ ಸುಟ್ಟರೂ ಮತ್ತೆ ಏಳುತ್ತದೆ. ನೋಟ ಕೊಂಚ ಏಕತಾನ. ಆದರೆ ಇಲ್ಲಿ ಮ್ಯಾಲಿಕೋಳಿ ಇದೆ: ಮರಳು, ಕೊಳೆಯುವ ಎಲೆಗಳ ದಿಬ್ಬದಲ್ಲಿ ಹೂತ ಮೊಟ್ಟೆಗಳಿಗೆ ಸುಮಾರು 33 ಡಿಗ್ರಿ ಕಾವು ತಪ್ಪದಂತೆ ಗಂಡುಹಕ್ಕಿ ಕಾಯುತ್ತದೆ. ಹಕ್ಕಿಯ ಹುಚ್ಚಿದ್ದವರಿಗೆ ಇದೇ ಸರಿ, ಕಂಡೇ ಕಾಣುತ್ತದೆಂಬ ಭರವಸೆ ಬೇಡ.

ನನ್ನ ಆಯ್ಕೆ ಮಲ್ಗಾ. ಯಾವುದಕ್ಕೇ ಹೋದರೂ ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಿ. ಡಿಸೆಂಬರ್ ರಜೆಯಲ್ಲಿ ಎರಡೂ ಕಡೆ ಬಿಸಿಲು 40 ಡಿಗ್ರಿ ದಾಟುವುದುಂಟು.