ಸಿರಿಂಜ್ ಬಯೋಸೆರಾಮಿಕ್ ಸೀಲರ್: ಎಲ್ಲಿ ಗೆಲ್ಲುತ್ತೆ, ಎಲ್ಲಿ ಕೈಕೊಡುತ್ತೆ

ರೂಟ್ ಕೆನಾಲ್‌ನ, ಅಂದರೆ ಹಲ್ಲಿನ ಬೇರಿನೊಳಗಿನ ನಾಳದ, ಬಹುಭಾಗ ತುಂಬುವುದು ರಬ್ಬರಿನಂಥ ಗಟ್ಟಾ ಪರ್ಚಾ ಕೋನ್. ಕೋನ್‌ಗೂ ಹಲ್ಲಿನ ಗೋಡೆಗೂ ನಡುವೆ ಉಳಿಯುವ ಸಂದು ಮುಚ್ಚುವುದು ಸೀಲರ್. ಈ ಕೆಲಸವನ್ನು ಎಎಚ್ ಪ್ಲಸ್‌ನಂಥ ಎಪಾಕ್ಸಿ ರೆಸಿನ್ ವರ್ಷಾನುಗಟ್ಟಲೆ ಮಾಡಿಕೊಂಡು ಬಂದಿದೆ. ಈಗ ಆ ಜಾಗಕ್ಕೆ ಬಂದಿರುವುದು ಸಿರಿಂಜ್‌ನಲ್ಲೇ ಬರುವ, ಕಲಸುವ ಗೋಜೇ ಇಲ್ಲದ ಕ್ಯಾಲ್ಸಿಯಂ ಸಿಲಿಕೇಟ್ ಪೇಸ್ಟ್; ಬಯೋಸೆರಾಮಿಕ್ ಅನ್ನುವುದು ಇದನ್ನೇ.

ಮೊದಲ ಪರೀಕ್ಷೆ ಹರಿವಿನದು. ಸೀಲರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6876 ಪ್ರಕಾರ ಗಾಜಿನ ಮೇಲೆ 0.05 ಮಿ.ಲೀ. ಸೀಲರ್ ಹಾಕಿ, 3 ನಿಮಿಷಕ್ಕೆ ಇನ್ನೊಂದು ಗಾಜು ಮತ್ತು ತೂಕ ಸೇರಿ 120 ಗ್ರಾಂ ಹೇರಿ, 10ನೇ ನಿಮಿಷಕ್ಕೆ ತೆಗೆದು ಅಳೆಯಬೇಕು. ಬಿಲ್ಲೆ ಕನಿಷ್ಠ 17 ಮಿ.ಮೀ. ಹರಡಿರಬೇಕು, ಉದ್ದಗಲದಲ್ಲಿ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಬೇಕು. ಬಯೋಸೆರಾಮಿಕ್ ಇದರಲ್ಲಿ ಸಲೀಸಾಗಿ ಪಾಸು. ಆದರೆ ಚೆನ್ನಾಗಿ ಹರಿಯುವುದು ಬೇರಿನ ತುದಿಯಿಂದ ಆಚೆಗೂ ಹರಿಯುತ್ತದೆ.

ಗಟ್ಟಿಯಾಗುವ ಪರೀಕ್ಷೆಯಲ್ಲಿ ಹಲವರು ಎಡವುತ್ತಾರೆ. ಈ ಪೇಸ್ಟ್‌ನಲ್ಲಿ ನೀರಿಲ್ಲ; ಹಲ್ಲಿನ ಒಳಪದರವಾದ ಡೆಂಟಿನ್‌ನ ಸೂಕ್ಷ್ಮ ಕೊಳವೆಗಳ ತೇವ ಹೀರಿಯೇ ಅದು ಸೆಟ್ ಆಗಬೇಕು. ಸ್ಟೀಲ್ ಅಚ್ಚಿನಲ್ಲಿ ತುಂಬಿಟ್ಟರೆ ದಿನವಾದರೂ ಮೆತ್ತಗೇ ಇರಬಹುದು, ಮಾಲು ಸರಿಯಿಲ್ಲ ಅನ್ನಿಸುತ್ತದೆ. ತೇವ ಬೇಡುವ ಸೀಲರ್‌ಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಬಳಸಬೇಕು, ಅದನ್ನೂ ಮೊದಲೇ 37 ಡಿಗ್ರಿಯ ತೇವದಲ್ಲಿ ಒಂದು ದಿನ ಇಟ್ಟಿರಬೇಕು. 100 ಗ್ರಾಂ ತೂಕದ ಸೂಜಿ ಗುರುತು ಬೀಳಿಸದಿದ್ದರೆ ಸೆಟ್ ಆಯಿತು ಅಂತ ಲೆಕ್ಕ.

ಕರಗುವಿಕೆಯಲ್ಲಿ ಎಎಚ್ ಪ್ಲಸ್‌ಗೇ ಮೇಲುಗೈ. ಮಿತಿ 3%, ಹಲವು ಬಯೋಸೆರಾಮಿಕ್‌ಗಳು ಅದನ್ನು ದಾಟುತ್ತವೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುವುದೇ ಅವುಗಳ ಗುಣ. ರೋಗಾಣುಗಳಿಗೆ ಒಗ್ಗದ 11ಕ್ಕೂ ಮೇಲಿನ ಪಿಎಚ್ ಬರುವುದೂ ಅದರಿಂದಲೇ. ಹಾಗಂತ ಈ ಅಂಕಿಯನ್ನು ಪೂರ್ತಿ ಮಾಫಿ ಮಾಡಲಾಗದು.

ನಾಳದೊಳಗೆ ಬಳಸುವಾಗ ಎಡವಟ್ಟಾಗುವುದು ಒಣಗಿಸುವ ಹಂತದಲ್ಲಿ. ನಾಳದ ಗೋಡೆಗಂಟಿದ ಪುಡಿ ತೆಗೆಯುವ 17% ಇಡಿಟಿಎ ದ್ರಾವಣ ಒಂದು ನಿಮಿಷ ಬಿಟ್ಟ ಮೇಲೆ ಸಲೈನ್‌ನಿಂದ ಚೆನ್ನಾಗಿ ತೊಳೆಯಬೇಕು. ಉಳಿದ ಇಡಿಟಿಎ ಕ್ಯಾಲ್ಸಿಯಂ ಹಿಡಿದು ಸೆಟ್ಟಿಂಗ್ ಕೆಡಿಸುತ್ತದೆ. ಪೇಪರ್ ಪಾಯಿಂಟ್ (ತೇವ ಹೀರುವ ಕಾಗದದ ಕಡ್ಡಿ) ಹಾಕಿ ತೆಗೆದಾಗ ನೀರು ಜಿನುಗಬಾರದು, ತುದಿ ಮಾತ್ರ ಸ್ವಲ್ಪ ತೇವವಾಗಿರಬೇಕು. ಆಲ್ಕೋಹಾಲ್ ಬಿಟ್ಟು ಗರಿಗರಿ ಒಣಗಿಸುವ ಹಳೇ ಅಭ್ಯಾಸ ಇಲ್ಲಿ ಬೇಡ. ಸಿರಿಂಜ್ ತುದಿ ನಾಳದ ಮೇಲಿನ ಮೂರನೇ ಒಂದು ಭಾಗ ದಾಟಬಾರದು. ಸ್ವಲ್ಪವೇ ಒತ್ತಿ, ಉಳಿದದ್ದನ್ನು ಮಾಸ್ಟರ್ ಕೋನ್‌ಗೆ (ಮುಖ್ಯ ಗಟ್ಟಾ ಪರ್ಚಾ ಕೋನ್) ಸವರಿ ನಿಧಾನಕ್ಕೆ ಇಳಿಸಿ. ಬೇಗ ತಳ್ಳಿದರೆ ಪಿಸ್ಟನ್ ಒತ್ತಿದ ಹಾಗೆ ಸೀಲರ್ ಆಚೆ ಹೋಗುತ್ತದೆ.

ಹೊಸದೆಲ್ಲ ಉಳಿಯುವುದಿಲ್ಲ ಎನ್ನುವುದಕ್ಕೆ ರೆಸಿಲಾನ್ ಇದೆ. ಗಟ್ಟಾ ಪರ್ಚಾಕ್ಕೆ ಬದಲಿ, ಹಲ್ಲಿನೊಂದಿಗೆ ಒಂದೇ ತುಂಡಾಗುತ್ತದೆ ಎಂದು 2000ರ ದಶಕದಲ್ಲಿ ಮೆರೆದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಕೋನ್ ಅದು. ಎಂಜೈಮ್‌ಗೂ ಕ್ಷಾರಕ್ಕೂ ಆ ಪಾಲಿಮರ್ ಶಿಥಿಲವಾಗುತ್ತದೆ ಎಂದು ಆಮೇಲೆ ತಿಳಿಯಿತು, ಕೊನೆಗೆ ಮಾರುಕಟ್ಟೆಯಿಂದಲೇ ಮರೆಯಾಯಿತು.

ಬಯೋಸೆರಾಮಿಕ್‌ನ ನಿಜವಾದ ತಲೆನೋವು ರೀಟ್ರೀಟ್‌ಮೆಂಟ್, ಅಂದರೆ ತುಂಬಿದ್ದನ್ನು ತೆಗೆದು ಮತ್ತೆ ಚಿಕಿತ್ಸೆ ಮಾಡುವುದು. ಗಟ್ಟಾ ಪರ್ಚಾ ಕರಗಿಸುವ ಕ್ಲೋರೋಫಾರ್ಮ್ ಸೆಟ್ ಆದ ಬಯೋಸೆರಾಮಿಕ್‌ಗೆ ನಾಟುವುದಿಲ್ಲ. ಕೋನ್ ತುದಿವರೆಗೆ ಕೂತಿದ್ದರೆ ಗಟ್ಟಾ ಪರ್ಚಾ ಕರಗಿಸಿಕೊಂಡು ಅದೇ ದಾರಿಯಲ್ಲಿ ಇಳಿಯಬಹುದು. ಕೋನ್ ಎರಡು ಮಿ.ಮೀ. ಮೇಲೇ ನಿಂತು ಕೆಳಗೆ ಬರೀ ಸೀಲರ್ ಇದ್ದರೆ, ಅದರಲ್ಲೂ ಬಾಗಿದ ಬೇರಿನಲ್ಲಿ, ನಾಳ ಕೆರೆಯುವ ಫೈಲ್ ಮುಂದಕ್ಕೇ ಹೋಗದಿರಬಹುದು. ಅಂಥ ಹಲ್ಲಿಗೆ, ಕೋನ್ ತುದಿವರೆಗೆ ಕೂತಿದೆಯೇ ಎಂದು ನೋಡುವ ಕೋನ್ ಫಿಟ್ ಎಕ್ಸ್‌ರೇಯಲ್ಲಿ ಸ್ವಲ್ಪ ಅನುಮಾನವಿದ್ದರೂ, ಎಎಚ್ ಪ್ಲಸ್ಸೇ ಇರಲಿ.