ಆಟಗಳ ಎಣಿಕೆ ಸರಿಯಿದೆ ಎಂದು ಮೂಲ ಕಡತ ಅಳಿಸಬೇಡಿ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದೇನೆ. ಆರಂಭಿಕ ನಡೆಗಳ ಪಾಠಗಳೆಲ್ಲ ಚೆಸ್ ಆಟಗಳನ್ನು ಕೂಡಿಡುವ ಚೆಸ್‌ಬೇಸ್ ಎಂಬ ತಂತ್ರಾಂಶದಲ್ಲಿದ್ದವು, ಒಂದು ಪಾಠಕ್ಕೆ ಒಂದು ಆಟದಂತೆ ಒಟ್ಟು 412. ಒಂದೊಂದು ಪಾಠವೂ ಬಿಳಲು ಬಿಟ್ಟ ಆಲದ ಮರ: ಮುಖ್ಯ ಸಾಲು, ಅದರಿಂದ ಉಪಸಾಲು, ನಡುನಡುವೆ ನನ್ನ ಟಿಪ್ಪಣಿ.

ಮಕ್ಕಳು ಈ ಪಾಠಗಳನ್ನೇ ಕಂಪ್ಯೂಟರ್ ಎದುರು ಆಡಲಿ ಎಂದು ಓಪನಿಂಗ್ ಬುಕ್, ಅಂದರೆ ಕಂಪ್ಯೂಟರ್ ಯೋಚಿಸದೆ ಆಡುವ ಆರಂಭಿಕ ನಡೆಗಳ ಕಡತ, ಮಾಡಲು ಹೊರಟೆ. ಯಾವುದೋ ಉಚಿತ ತಂತ್ರಾಂಶದಿಂದ ಎಲ್ಲವನ್ನೂ ಪಿಜಿಎನ್ ಎಂಬ, ಚೆಸ್ ಆಟಗಳನ್ನು ಬರೆದಿಡುವ ಕಡತದ ರೂಪಕ್ಕೆ ಬದಲಾಯಿಸಿದೆ. 412 ಹೋಗಿ 412 ಬಂದವು. ಅಷ್ಟಕ್ಕೇ ನೆಮ್ಮದಿಯಾಗಿ, ಹಳೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಹುಬ್ಬಳ್ಳಿಗೆ ಒಯ್ದು ಮಾರಿಬಿಟ್ಟೆ. ಪಿಜಿಎನ್‌ನಿಂದ ಪಾಲಿಗ್ಲಾಟ್ ಎಂಬ ತಂತ್ರಾಂಶ ಬಳಸಿ ಓಪನಿಂಗ್ ಬುಕ್‌ನ ಬಿನ್ ಕಡತ ತಯಾರಾಯಿತು.

ಭಾನುವಾರ ಒಬ್ಬ ಹುಡುಗ ಕ್ಯಾರೊ-ಕಾನ್ ಎಂಬ ಆರಂಭವನ್ನು ಆಡಲು ಕುಳಿತ. ಇ4 ಸಿ6, ಡಿ4 ಡಿ5, ಇ5. ಕಪ್ಪು ಒಂಟೆ ಥಟ್ಟನೆ ಎಫ್5ಕ್ಕೆ ಬರಬೇಕಿತ್ತು. ಕಂಪ್ಯೂಟರ್ ಯೋಚಿಸುತ್ತ ಕುಳಿತಿತು. ‘ಸರ್, ಇದಕ್ಕೆ ಪಾಠ ಬರುವುದಿಲ್ಲ’ ಎಂದ ಹುಡುಗ.

ಪಿಜಿಎನ್ ತೆರೆದು ನೋಡಿದೆ. ಅದು ಬರಿಯ ಅಕ್ಷರಗಳ ಕಡತ, ಯಾರು ಬೇಕಾದರೂ ಓದಬಹುದು. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ಅದನ್ನು ರೂಪಿಸಿದ್ದೇ ಅದಕ್ಕಾಗಿ. ಉಪಸಾಲುಗಳು ದುಂಡು ಕಂಸದಲ್ಲಿ, ಟಿಪ್ಪಣಿಗಳು ಪುಷ್ಪಕಂಸದಲ್ಲಿ ಇರಬೇಕು. ಇಡೀ ಕಡತದಲ್ಲಿ ಒಂದು ಕಂಸವೂ ಇರಲಿಲ್ಲ. ಕೊಂಬೆಗಳನ್ನೆಲ್ಲ ಕಡಿದು ತಂತ್ರಾಂಶವು ಕಾಂಡವನ್ನಷ್ಟೇ ಕೊಟ್ಟಿತ್ತು. ಆ ಕಾಂಡವೂ ಬಿನ್‌ಗೆ ಪೂರ್ತಿ ಹೋಗಿರಲಿಲ್ಲ. ನಾವಾಗಿ ಬದಲಾಯಿಸದಿದ್ದರೆ, ಕನಿಷ್ಠ 3 ಆಟಗಳಲ್ಲಿ ಬಂದ ನಡೆಯನ್ನು ಮಾತ್ರ ಪಾಲಿಗ್ಲಾಟ್ ಉಳಿಸಿಕೊಳ್ಳುತ್ತದೆ. ಸಾವಿರಾರು ಪಂದ್ಯಗಳ ರಾಶಿಗೆ ಅದು ಸರಿಯೇ. ಪಾಠದಲ್ಲಿ ಒಂದು ನಡೆ ಬರುವುದೇ ಒಮ್ಮೆ. ಕನಿಷ್ಠ ಸಂಖ್ಯೆಯನ್ನು 1 ಎಂದು ಕೊಡಬೇಕಿತ್ತು, ನಾನು ಓದಿರಲಿಲ್ಲ. ಬಿನ್‌ನಿಂದ ಆಟವನ್ನು ಹಿಂದಕ್ಕೆ ಪಡೆಯುವ ಆಸೆಯನ್ನಂತೂ ಇಟ್ಟುಕೊಳ್ಳಬೇಡಿ. ಅದರಲ್ಲಿ ಒಂದು ನಡೆಗೆ ಸಿಗುವ ಜಾಗ 16 ಬೈಟ್. ಆಟಗಾರರ ಹೆಸರಿಗಾಗಲಿ ಟಿಪ್ಪಣಿಗಾಗಲಿ ಅಲ್ಲಿ ಎಡೆಯಿಲ್ಲ.

ಪೆನ್‌ಡ್ರೈವ್‌ನಲ್ಲಿ ಮೂಲದ ಪ್ರತಿಯಿದೆ ಎಂಬ ಧೈರ್ಯವಿತ್ತು. ಹಾಕಿ ನೋಡಿದರೆ ಆಟಗಳ ಪಟ್ಟಿಯಷ್ಟೇ ಇರುವ ಸಿಬಿಎಚ್ ಕಡತವೊಂದೇ! ಚೆಸ್‌ಬೇಸ್‌ನ ಸಂಗ್ರಹವೆಂದರೆ ಒಂದೇ ಹೆಸರಿನ ಹಲವು ಕಡತಗಳ ಸಂಸಾರ. ನಡೆಗಳು ಸಿಬಿಜಿಯಲ್ಲಿ, ಟಿಪ್ಪಣಿಗಳು ಸಿಬಿಎಯಲ್ಲಿ, ಆಟಗಾರರ ಹೆಸರುಗಳು ಸಿಬಿಪಿಯಲ್ಲಿ ಇರುತ್ತವೆ. ನಾನು ಕಾಪಾಡಿಕೊಂಡದ್ದು ಬೀಗವಿಲ್ಲದ ಬೀಗದಕೈ. ಪ್ರತಿ ಮಾಡುವುದಾದರೆ ಆ ಹೆಸರಿನ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳಿ, ಅಥವಾ ಚೆಸ್‌ಬೇಸ್‌ನಲ್ಲೇ ಸಿಬಿವಿ ಗಂಟು ಕಟ್ಟಿಸಿಕೊಳ್ಳಿ. ಹೊಸ ಕಡತ ಬಂದಾಗ ನಿಮ್ಮ ಅತಿ ಹೆಚ್ಚು ಕೊಂಬೆಗಳಿರುವ ಪಾಠವನ್ನು ಮೊದಲು ತೆರೆಯಿರಿ. ಲ್ಯಾಪ್‌ಟಾಪ್ ಮಾರಲು ಅವಸರವೇನೂ ಇರುವುದಿಲ್ಲ. ಎರಡು ಸಾವಿರದ ಆರುನೂರು ರೂಪಾಯಿ ಬಂತು ನನಗೆ.

ಹಾವೇರಿಯ ಹಳೆಯ ಶಿಷ್ಯನೊಬ್ಬ ತನ್ನ ನೋಟುಪುಸ್ತಕದ ನಲವತ್ತು ಪುಟಗಳ ಫೋಟೊ ಕಳಿಸಿದ್ದಾನೆ. ಕುದುರೆಗೆ ‘ಕು’, ಆನೆಗೆ ‘ಆ’, ಒಂಟೆಗೆ ‘ಒಂ’ ಎಂದು ತನ್ನದೇ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ಪಿಜಿಎನ್‌ಗೆ ಬದಲಾಯಿಸುವ ತಂತ್ರಾಂಶವಿಲ್ಲ. ರಾತ್ರಿ ಊಟವಾದ ಮೇಲೆ ನಾನೇ ಟೈಪ್ ಮಾಡುತ್ತಿದ್ದೇನೆ, ಹದಿನಾಲ್ಕನೆಯ ಪುಟದಲ್ಲಿದ್ದೇನೆ.